ಬೀಗ ಬಿದ್ದ ಆಫೀಸಿನ ಸಾಹೇಬರು

ಆಫೀಸು ಸತ್ತು ಎಷ್ಟೋ ಕಾಲವಾಗಿತ್ತು, ಅದರ ಸಾಹೇಬರು ಮಾತ್ರ ಇವತ್ತೂ ಬಂದೇಬಿಟ್ರು. ಅದೇ ಕರೀ ಕೋಟು, ತೋಳಿನ ತುದಿಯಲ್ಲಿ ನೂಲು ಜೋಲಾಡ್ತಿತ್ತು. ಅದೇ ಕ್ರಾಪು, ಉಳಿದಿರೋ ನಾಲ್ಕು ಕೂದಲನ್ನೇ ನಾನೂರು ಅನ್ನೋ ಹಾಗೆ ಹರಡಿ ಬಾಚಿದ್ದು. ಮಕ್ಕಳ ನಿಲಯದ ಮೇಲ್ವಿಚಾರಕಿ, ಮಕ್ಕಳ ಬಾಯಲ್ಲಿ ದೊಡ್ಡಮ್ಮ, ಕಿಟಕಿಯಿಂದ ಅವರನ್ನ ನೋಡಿ ಹಣೆ ಚಚ್ಚಿಕೊಂಡಳು. ಇನ್ನು ಬರಬೇಡಿ ಅಂತ ಫೋನ್ ಮಾಡೋಕೆ ನಿನ್ನೆಯಿಂದ ಧೈರ್ಯ ಸಾಲದೆ ಕೂತಿದ್ದಳು ಪಾಪ.

ವಿಷಯ ಇಷ್ಟೆ. ತಪ್ಪು ಮಾಡಿ ನಿಲಯ ಸೇರಿದ ಮಗು ಮನೆಗೆ ಹೋಗಬೇಕಾದ್ರೆ ಬಾಲರಕ್ಷಣಾ ಮಂಡಳಿಯ ಅಧಿಕಾರಿ ಎದುರಲ್ಲೇ ಹೋಗಬೇಕು ಅಂತ ಕಾನೂನು. ಆ ಮಂಡಳಿಯನ್ನೇ ಸರ್ಕಾರ ಮುಚ್ಚಿಬಿಡ್ತು. ಅದರ ಕಟ್ಟಡದಲ್ಲಿ ಈಗ ಹಾಸಿಗೆ ಅಂಗಡಿ. ಮಂಡಳಿ ಇದ್ದಾಗಲೂ ಅಲ್ಲಿ ನಿದ್ದೇನೇ ನಡೀತಿತ್ತು ಅಂತ ಸಾಹೇಬರೇ ನಗಾಡ್ತಿದ್ರು. ಆದರೆ ಕಾನೂನಿಂದ ಆ ಹೆಸರು ತೆಗೆಯೋಕೆ ಯಾರಿಗೂ ನೆನಪಾಗಲಿಲ್ಲ. ಹಾಗಂತ ಮಕ್ಕಳು ಒಳಗೇ ಕೊಳೀಬೇಕಾ? ಜಡ್ಜಮ್ಮ ತಲೆ ಕೆರಕೊಂಡು, "ಆ ಮಂಡಳಿಯೋರು ಯಾರಾದ್ರೂ ಉಸಿರಾಡ್ತಿದ್ರೆ ಕರ್ಕೊಂಡ್ ಬನ್ನಿ" ಅಂದ್ರು. ಉಸಿರಾಡ್ತಿದ್ದೋರು ಇವರೊಬ್ಬರೇ. ಅವತ್ತಿಂದ ಒಂದು ಊರಿಗಾಗೋಷ್ಟು ಮಕ್ಕಳನ್ನ ಇವರೇ ನಿಂತು ಮನೆಗೆ ಕಳಿಸಿದ್ರು.

ಈ ವಾರ ಅಂತೂ ಇಂತೂ ಕಾನೂನು ತಿದ್ದಿದ್ರು. ಮಂಡಳಿ ಅಂತಿದ್ದ ಕಡೆಯೆಲ್ಲ ಈಗಿರೋ ಮಕ್ಕಳ ಇಲಾಖೆಯ ಹೆಸರು. ಆ ಇಲಾಖೆಯ ಅಧಿಕಾರಿ, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಆಗಲೇ ಬಂದು ದೊಡ್ಡಮ್ಮನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

"ಸಾಹೇಬ್ರೆ," ದೊಡ್ಡಮ್ಮ ಬಾಗಿಲಲ್ಲೇ ಅಡ್ಡ ನಿಂತಳು. "ಹೆಂಗ್ ಹೇಳ್ಲಿ... ಇನ್ಮೇಲೆ ನಿಮಗೆ ತೊಂದ್ರೆ ಕೊಡೋ ಹಾಗಿಲ್ವಂತೆ. ಕಾನೂನು ಸರಿ ಮಾಡಿದಾರೆ."

ಸಾಹೇಬರು ತೋಳಿನ ಜೋಲಾಡೋ ನೂಲನ್ನ ಒಳಗೆ ತುರುಕಿಕೊಂಡ್ರು. "ಅಂದ್ರೆ ನಾನು ಸತ್ತಿದ್ದು ಸರ್ಕಾರಕ್ಕೆ ಈಗ ಗೊತ್ತಾಯ್ತು ಅನ್ನು."

"ಬಿಡ್ತು ಅನ್ನಿ! ಏನ್ ಮಾತೂಂತ ಆಡ್ತೀರಿ."

"ಅಯ್ಯೋ ತಾಯಿ, ಆಫೀಸು ಹೋದ್ಮೇಲೂ ಇಷ್ಟು ದಿನ ಕೋಟು ಹಾಕ್ಕೊಂಡು ಮೆರೆದೆನಲ್ಲ, ಅದೇ ಹೆಚ್ಚು. ಬಂದದ್ದು ಬಂದೆ, ಬಸ್ ರಾಣೀನ ನೋಡ್ಕೊಂಡ್ ಹೋಗ್ತೀನಿ. ಅದಕ್ಕೂ ಅಧಿಕಾರ ಬೇಕಾ?"

ಬಸ್ ರಾಣಿ ಅಂದ್ರೆ ಇವತ್ತು ಮನೆಗೆ ಹೋಗಬೇಕಾದ ಹದಿನೈದರ ಹುಡುಗಿ. ಅವಳಪ್ಪ ಬಸ್ ಡ್ರೈವರು. ಅಪ್ಪ ಮುಖ ತೊಳೆಯೋಕೆ ಇಳಿದಾಗ ಇವಳು ಪ್ಯಾಸೆಂಜರ್ ಸಮೇತ ಬಸ್ಸು ಎತ್ತಿಕೊಂಡು, ಊರೆಲ್ಲ ಸುತ್ತಿಸಿ, ಒಂದು ನಾಯಿಗೂ ತಾಗಿಸದೆ ಪೊಲೀಸ್ ಸ್ಟೇಷನ್ ಮುಂದೆ ನಿಲ್ಲಿಸಿ, "ಕೊನೇ ಸ್ಟಾಪು, ಎಲ್ರೂ ಇಳೀರಿ" ಅಂದಿದ್ದಳಂತೆ. ಒಬ್ಬ ಅಜ್ಜಿ ಇಳಿಯೋಕೇ ಒಪ್ಪಲಿಲ್ವಂತೆ, ಇನ್ನೊಂದು ಸುತ್ತು ಹೊಡಿ ಮಗಳೇ ಅಂತ. ಊರೇನೋ ಹೊಟ್ಟೆ ಹಿಡ್ಕೊಂಡು ನಗ್ತು, ಆದರೆ ಅಪ್ಪನ ಕೆಲಸಕ್ಕೆ ಕುತ್ತು ಬಂತು. ಅವನು ಒಂದು ಸಲವೂ ಮಗಳನ್ನ ನೋಡೋಕೆ ಬಂದಿರಲಿಲ್ಲ. ಇವತ್ತೂ ಗೇಟಿನ ಹೊರಗೆ, ಈ ಕಡೆಗೆ ಬೆನ್ನು ಹಾಕಿ, ಯಾರಿಗೋ ಕಾಯ್ತಿರೋ ಹಾಗೆ ರಸ್ತೆ ನೋಡ್ತಾ ನಿಂತಿದ್ದ.

ಹುಡುಗಿ ಜಗಲಿಯಲ್ಲಿ ತನ್ನ ಟ್ರಂಕಿನ ಮೇಲೆ ಕೂತಿದ್ದಳು. "ನಾನು ಹೋಗಲ್ಲ ದೊಡ್ಡಮ್ಮ. ಅಪ್ಪ ನನ್ ಮುಖಾನೂ ನೋಡ್ಲಿಲ್ಲ."

ಹೊಸ ಅಧಿಕಾರಿ ಹೊರಗೆ ಬಂದು ಮೆತ್ತಗೇ ಹೇಳಿದಳು. "ನೋಡಮ್ಮ, ನನ್ನ ಕಡೆಯ ಕೆಲಸ ಎಲ್ಲ ಮುಗೀತು. ನೀನಾಗಿ ಒಪ್ಪಿ ಹೋದ್ರೆ ಸರಿ. ಇಲ್ಲಾಂದ್ರೆ ಹದಿನೆಂಟು ತುಂಬೋವರೆಗೂ ಇಲ್ಲೇ ಇರಬೇಕಾಗುತ್ತೆ. ನಾನು ಬಲವಂತ ಮಾಡೋ ಹಾಗಿಲ್ಲ."

"ಇಲ್ಲೇ ಇರ್ತೀನಿ ಬಿಡಿ," ಅಂದಳು ಹುಡುಗಿ. ಬಾಯಿ ಹಾಗಂತು, ಕಣ್ಣು ಗೇಟು ಬಿಟ್ಟು ಅಲ್ಲಾಡಲಿಲ್ಲ.

ಸಾಹೇಬರು ಕೋಟು ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ರು. "ಏಳೇ ರಾಣಿ. ನೀನು ಹೋಗದಿದ್ರೆ ಬೇಡ, ಟ್ರಂಕಾದ್ರೂ ಗೇಟಿನವರೆಗೆ ಹೋಗಿ ಗಾಳಿ ಕುಡಿದು ಬರ್ಲಿ," ಅಂತ ಅದನ್ನ ಎತ್ತಿಕೊಂಡು ಹೊರಟೇಬಿಟ್ರು. ಅಂಗಳದ ಅರ್ಧಕ್ಕೆ ಬರೋ ಹೊತ್ತಿಗೆ ಏದುಸಿರು. ಮೊಣಕಾಲು ಗಡಗಡ. ಟ್ರಂಕು ಒಂದು ಕಡೆ, ಸಾಹೇಬರು ಒಂದು ಕಡೆ ವಾಲಿದ್ರು. "ಅಯ್ಯಯ್ಯಪ್ಪಾ, ಸೊಂಟ ಹೋಯ್ತಲ್ಲಪ್ಪೋ!" ಅಂತ ಕೂಗಿದ್ದು ಹಾಸಿಗೆ ಅಂಗಡಿಯವರೆಗೂ ಕೇಳಿರಬೇಕು.

ದೊಡ್ಡಮ್ಮ ತುಟಿ ಕಚ್ಚಿಕೊಂಡು ನಗು ನುಂಗಿದಳು. ಹೋದ ವಾರ ತುಂಬಿದ ಗ್ಯಾಸ್ ಸಿಲಿಂಡರನ್ನ ಹೆಗಲಿಗೇರಿಸಿ, ಸಿಳ್ಳೆ ಹೊಡೀತಾ ಅಡುಗೆಮನೆಗೆ ತಂದಿಟ್ಟ ಮನುಷ್ಯ ಇವರು!

ಹುಡುಗಿ ಓಡಿಬಂದು ಟ್ರಂಕಿನ ಈ ಕಡೆಯ ಹಿಡಿಕೆ ಹಿಡಿದಳು. ಕೂಗು ಕೇಳಿ ತಿರುಗಿದ ಅಪ್ಪ ಗೇಟು ನೂಕಿಕೊಂಡು ಓಡಿಬಂದು ಆ ಕಡೆಯ ಹಿಡಿಕೆ ಹಿಡಿದ. ಒಳಗೆ ಏನೋ ಗಲಗಲ ಅಂತು.

"ಏನೇ ಇದು ಇಷ್ಟೊಂದು ಭಾರ?" ಅಂದ ಅಪ್ಪ, ಬೇರೆ ಏನು ಹೇಳಬೇಕೋ ತಿಳೀದೆ. "ಇದರೊಳಗೂ ಒಂದು ಬಸ್ಸಿಟ್ಟಿದೀಯಾ?"

"ಅರ್ಧಾನೇ ಅಪ್ಪ. ಇಲ್ಲಿ ಕೆಟ್ಟೋಗಿದ್ದ ಫ್ಯಾನು, ಮಿಕ್ಸಿ ಎಲ್ಲ ನಾನೇ ರಿಪೇರಿ ಮಾಡಿದ್ದು. ಉಳಿದ ಸಾಮಾನು."

"ರಿಪೇರಿ ಮಾಡಿದ್ಮೇಲೆ ಸಾಮಾನು ಉಳಿಯುತ್ತೇನೇ, ಪೆದ್ದಿ!" ಅಂತ ಬೈಯೋಕೆ ಹೋದ ಅಪ್ಪನಿಗೆ ನಗು ತಡೆಯೋಕಾಗಲಿಲ್ಲ. "ಸರಿಯಾಗಿ ಹಿಡ್ಕೋ. ಕಾಲ್ಮೇಲೆ ಬಿದ್ದೀತು."

ಇಬ್ಬರೂ ಟ್ರಂಕನ್ನ ನಡುವೆ ತೂಗಾಡಿಸ್ತಾ, ಯಾವ ಮಿಕ್ಸಿಯ ಯಾವ ಸ್ಕ್ರೂ ಅಂತ ಜಗಳ ಆಡ್ತಾ ಗೇಟು ದಾಟಿದ್ರು. ಅವರು ತಿರುವಿನಲ್ಲಿ ಮರೆಯಾದ ಕೂಡಲೇ ಸಾಹೇಬರ ಸೊಂಟ ನೆಟ್ಟಗಾಯ್ತು.

ಹೊಸ ಅಧಿಕಾರಿ ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡ್ತಿದ್ದಳು. "ಮೇಡಂ, ನಾನು ಎರಡೆರಡು ಸಲ ಓದಿದೀನಿ. ಇದು ಹೊಸ ಕಾನೂನಲ್ಲಿ ಎಲ್ಲೂ ಇಲ್ವಲ್ಲ?"

"ಹಳೇದ್ರಲ್ಲೂ ಇರಲಿಲ್ಲ ಕಣಮ್ಮ," ಅಂದಳು ದೊಡ್ಡಮ್ಮ.