ಸಾಹುಕಾರರ ಸೋಫಾ, ಮಕ್ಕಳ ಹಲಗೆ

ಅರ್ಧ ಓದಿ ಫಾರ್ವರ್ಡ್ ಮಾಡಬೇಡಿ... ಪೂರ್ತಿ ಓದಿ, ಆಮೇಲೆ ನಿಮ್ಮಿಷ್ಟ.

ರಾಣೆಬೆನ್ನೂರಿನಲ್ಲಿ ಮುರಿಗೆಪ್ಪ ಅಂತ ಒಬ್ಬ ಬೀಜದ ವ್ಯಾಪಾರಿ. ಊರವರ ಬಾಯಲ್ಲಿ ಅವರು ಬರೀ ಸಾವ್ಕಾರ್ರು.

ತಂದೆಯ ಹೆಸರಿನಲ್ಲಿ ಅವರದೊಂದು ಚಿಕ್ಕ ಟ್ರಸ್ಟ್ ಇತ್ತು. ಒಂದು ಶಾಲೆಗೆ ಪುಸ್ತಕದ ಕಪಾಟು, ಒಂದು ಭಜನಾ ಮಂಡಳಿಗೆ ತಬಲಾ, ಒಂದು ಓಣಿಗೆ ನೀರಿನ ಟ್ಯಾಂಕು... ಹೀಗೆ ಪ್ರತಿ ವರ್ಷ ಊರಿನವರಿಗೆ ಸಣ್ಣ ಸಣ್ಣ ಸಹಾಯ.

ಮನುಷ್ಯ ಒಳ್ಳೆಯವರೇ. ಆದರೆ ಕೊಟ್ಟದ್ದರ ಮೇಲೆಲ್ಲ ಹೆಸರು ಬರೆಸುವ ಚಟ. ಕಪಾಟಿನ ಮೇಲೆ ಸರಿ... ತಬಲಾದ ಮೇಲೂ ಬರೆಸಿದ್ದರು!

ಆ ವರ್ಷ ಅವರ ಅಂಗಡಿಯ ಮಹಡಿಗೆ ಮೆಹಬೂಬಿ ಟೀಚರ್ ಬಂದರು. ಕಿವಿ ಕೇಳದ ಮಕ್ಕಳ ಶಾಲೆಯವರು.

“ಏನ್ ಬೇಕ್ರೀ ಅಕ್ಕೋರ? ಪಾಟಿ, ಪುಸ್ತಕ, ಯೂನಿಫಾರ್ಮು?” ಸಾಹುಕಾರರು ಕೇಳಿದರು.

“ಅವೆಲ್ಲ ಅದಾವ್ರಿ ಸಾವ್ಕಾರ್ರ. ನಮಗ ಒಂದು ಡೊಳ್ಳು ಬೇಕು. ನಿಂತು ಕುಣ್ಯಾಕ ಮರದ ಹಲಗಿ ಬೇಕು.”

ಟ್ರಸ್ಟಿನ ಸದಸ್ಯರೊಬ್ಬರು ನಕ್ಕೇಬಿಟ್ಟರು. “ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತಲ್ರೀ ಇದು!”

ಸಾಹುಕಾರರೂ ನಕ್ಕರು. ಟೀಚರ್ ನಗಲಿಲ್ಲ... ಸಿಟ್ಟೂ ಮಾಡಲಿಲ್ಲ.

“ಸಾವ್ಕಾರ್ರ, ಎರಡೂ ಕಿವಿ ಗಟ್ಟಿ ಮುಚ್ಕೊಳ್ರಿ. ಮೊಣಕೈ ಮೇಜಿನ ಮ್ಯಾಲ ಊರ್ರಿ.”

ಅವರು ಹಾಗೇ ಮಾಡಿದರು. ಟೀಚರ್ ಅಂಗೈಯಿಂದ ಮೇಜನ್ನು ಬಡಿದರು. ದಡ್... ದಡ್ ದಡ್...

ಆ ಪೆಟ್ಟು ಮೊಣಕೈಯಿಂದ ಹತ್ತಿ ಎದೆಗೇ ಬಂದು ತಾಗಿತು. ಸಾಹುಕಾರರ ನಗು ನಿಂತಿತು.

“ನಮ್ಮ ಮಕ್ಕಳಿಗೆ ಅಂಗಾಲೇ ಕಿವಿ ರೀ. ಸಿಮೆಂಟ್ ನೆಲದಾಗ ಏನೂ ತಿಳಿಯಂಗಿಲ್ಲ. ಹಲಗಿ ಮ್ಯಾಲ ಡೊಳ್ಳು ಇಟ್ಟು ಬಾರಿಸಿದ್ರ ಒಂದೊಂದು ಪೆಟ್ಟೂ ಗೊತ್ತಾಗತೈತಿ.”

ಆಮೇಲೆ ಮೆಲ್ಲಗೆ ಹೇಳಿದರು...

“ಕಾವೇರಿ ಅಂತ ಒಂದು ಹುಡುಗಿ ಅದಾಳ್ರಿ. ಮೊದಲಿದ್ದ ಸಾಲ್ಯಾಗ, ಗ್ಯಾದರಿಂಗ್ ದಿನ, ‘ಇಕಿಗೆ ಹಾಡು ಕೇಳಂಗಿಲ್ಲ’ ಅಂತ ಸ್ಟೇಜಿನಿಂದ ಕೆಳಗ ಇಳಿಸಿದ್ರಂತ. ಬಣ್ಣ ಹಚ್ಚಿಕೊಂಡು ನಿಂತಿದ್ಲು ಪಾಪ. ಅವತ್ತಿನಿಂದ ಸ್ಟೇಜ್ ಅಂದ್ರ ಅಳತಾಳ. ಈ ಸಲ ಹತ್ತತೀನಿ ಅಂದಾಳ್ರಿ.”

ಸಾಹುಕಾರರು ಚೆಕ್ ಬುಕ್ ತೆಗೆದರು. “ಆತು, ಕೊಡೋಣ. ಆದ್ರ ಹಲಗಿ ಮ್ಯಾಲ ಹೆಸರು ಮಾತ್ರ ದೊಡ್ಡದಾಗಿ ಬರಸ್ರಿ!”

ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಊರಿನ ಎಲ್ಲ ಶಾಲೆಗಳೂ ಸೇರಿದ ಗ್ಯಾದರಿಂಗ್ ದಿನ ಬಂತು. ಸಿಮೆಂಟಿನ ವೇದಿಕೆ, ಮೈದಾನದ ತುಂಬ ಜನ.

ನಮ್ಮ ಕಡೆಯ ರೂಢಿ ಗೊತ್ತಲ್ಲ... ದಾನಿಗಳಿಗೆ ವೇದಿಕೆಯ ಮೇಲೆಯೇ ಸೋಫಾ! ಹಾರ, ಶಾಲು, ಫೇಟಾ ಎಲ್ಲ ಮುಗಿದು ಸಾಹುಕಾರರು ಒರಗಿ ಕೂತರು.

ಕಿವಿ ಕೇಳದ ಮಕ್ಕಳ ಸರದಿ. ಟೀಚರ್ ಡೊಳ್ಳು ಬಾರಿಸಿದರು. ಮಕ್ಕಳು ಹೆಜ್ಜೆ ಎತ್ತಿದರು...

ಒಬ್ಬರ ಕಾಲು ಮೇಲೆ, ಇನ್ನೊಬ್ಬರ ಕಾಲು ಕೆಳಗೆ. ಒಬ್ಬರಿಗೊಬ್ಬರು ಡಿಕ್ಕಿ. ಜನರ ನಡುವಿನಿಂದ ಕೆಲವರು ನಕ್ಕರು.

ಕಾವೇರಿ ನಿಂತುಬಿಟ್ಟಳು. ನಗುವ ಬಾಯಿಗಳು ಅವಳಿಗೆ ಕಾಣುತ್ತಿದ್ದವು. ಹಿಂದೆ ಹಿಂದೆ ಸರಿಯುತ್ತ ಸೋಫಾದ ಹತ್ತಿರ ಬಂದಳು.

ಅಲ್ಲಿ ಅವಳ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು... ಆಮೇಲೆ ತಲೆ ಎತ್ತಿ ಸಾಹುಕಾರರ ಮುಖ ನೋಡಿದಳು.

ಅವರೂ ಬಗ್ಗಿ ನೋಡಿದರು. ಸೋಫಾದ ಕೆಳಗೆ ಹಾಸಿದ್ದ ಜಮಖಾನದ ಅಂಚಿನಿಂದ ಒಂದು ಮರದ ಹಲಗೆ ಹೊರಗೆ ಚಾಚಿತ್ತು. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ... ಅವರದೇ ಹೆಸರು!

ಬೆಳಿಗ್ಗೆ ಟೀಚರ್ ಹಾಸಿಟ್ಟಿದ್ದ ಹಲಗೆಗಳವು. ಪೆಂಡಾಲಿನವರು ಗಣ್ಯರಿಗೆಂದೇ ತಿಳಿದು ಅವುಗಳ ಮೇಲೆ ಜಮಖಾನ ಹಾಸಿ ಸೋಫಾ ಇಟ್ಟಿದ್ದರು. ಟೀಚರ್ ಕೇಳಿಕೊಂಡಾಗ, “ದೊಡ್ಡವರನ್ನ ಎಬ್ಬಸಾಕ ಆಗತೈತೇನ್ರೀ? ಹಂಗ ಕುಣಸ್ರಿ” ಅಂದಿದ್ದರಂತೆ.

ಮಕ್ಕಳಿಗೆ ಕೊಟ್ಟ ಹಲಗೆಯ ಮೇಲೆ ಕೊಟ್ಟವರೇ ಕೂತಿದ್ದರು...

ಸಾಹುಕಾರರು ಎದ್ದರು. ಹೊದಿಸಿದ್ದ ಶಾಲನ್ನೇ ಸೊಂಟಕ್ಕೆ ಕಟ್ಟಿದರು. ಸೋಫಾದ ಒಂದು ತುದಿ ಹಿಡಿದು ಕೂಗಿದರು.

“ಏಳ್ರೀ ಎಲ್ಲಾರೂ! ಇಳೀರಿ ಕೆಳಗ!”

“ಸಾವ್ಕಾರ್ರ, ಗಣ್ಯರು ಎಲ್ಲಿ ಕೂರಬೇಕ್ರಿ?” ಸಂಘಟಕರು ಗಾಬರಿಯಾದರು.

“ಈ ಮಕ್ಕಳೇ ಗಣ್ಯರು! ನಾವು ನಿಂತು ನೋಡೋಣು!”

ಸೋಫಾಗಳು ಕೆಳಗಿಳಿದವು. ಹಲಗೆಗಳು ವೇದಿಕೆಯ ಮುಂದಿನ ಅಂಚಿಗೆ ಬಂದವು. ಡೊಳ್ಳು ಅವುಗಳ ಮೇಲೆ ಕೂತಿತು.

ದಡ್... ದಡ್ ದಡ್...

ಎಲ್ಲ ಕಾಲುಗಳೂ ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಎಲ್ಲರಿಗಿಂತ ಮುಂದೆ ಕಾವೇರಿ! ನಕ್ಕವರು ಈಗ ಬಾಯಿ ತೆರೆದು ನೋಡುತ್ತಿದ್ದರು.

ಕುಣಿತ ಮುಗಿಯಿತು. ಮೈದಾನವಿಡೀ ಚಪ್ಪಾಳೆ. ಕಾವೇರಿ ಆ ಕೈಗಳನ್ನು ಸುಮ್ಮನೆ ನೋಡುತ್ತ ನಿಂತಳು. ಆ ಸದ್ದು ಅವಳಿಗೆ ಮುಟ್ಟುವುದು ಹೇಗೆ?

ಸಾಹುಕಾರರಿಗೆ ಆ ಮೇಜಿನ ಪೆಟ್ಟು ನೆನಪಾಯಿತು. ಕೆಳಗೆ ನಿಂತಲ್ಲಿಂದಲೇ ವೇದಿಕೆಗೆ ಕೈ ಚಾಚಿ, ಎರಡೂ ಅಂಗೈಯಿಂದ ಹಲಗೆ ಬಡಿಯತೊಡಗಿದರು.

ಪಕ್ಕದವರು ಬಂದರು... ಅವರ ಪಕ್ಕದವರೂ ಬಂದರು... ಕೈ ನಿಲುಕಿದವರೆಲ್ಲ ಹಲಗೆ ಬಡಿದರು!

ಕಾವೇರಿ ತನ್ನ ಕಾಲನ್ನು ನೋಡಿಕೊಂಡಳು. ಜನರನ್ನು ನೋಡಿದಳು. ಆಮೇಲೆ ಬಾಯಿತುಂಬ ನಕ್ಕಳು. ಕೆಳಗೆ ನಿಂತಿದ್ದ ಅವಳ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಮರುದಿನ ಸಾಹುಕಾರರೇ ಪೇಂಟರ್‌ನನ್ನು ಕರೆದುಕೊಂಡು ಶಾಲೆಗೆ ಬಂದರು. ಹಲಗೆಯ ಮೇಲಿನ ಹೆಸರು ಅಳಿಸಿ ಹಾಕಿಸಿದರು.

“ಮತ್ತೇನು ಬರಸ್ತೀರಿ ಸಾವ್ಕಾರ್ರ?” ಟೀಚರ್ ಕೇಳಿದರು.

“ಏನೂ ಬ್ಯಾಡ್ರಿ ಅಕ್ಕೋರ... ಅದು ಮಕ್ಕಳು ಕುಣಿಯೋ ಜಾಗ.”

*ಕೊಟ್ಟ ಮೇಲೆ ಅದರ ಮೇಲಿಂದ ಎದ್ದು ಬರುವುದನ್ನೂ ಕಲಿತಾಗಲೇ ಅದು ದಾನ.*

ಒಮ್ಮೆ ಬಗ್ಗಿ ನೋಡಿಕೊಳ್ಳಿ... ಯಾರಿಗೋ ಕೊಟ್ಟೆವು ಅಂದುಕೊಂಡ ಹಲಗೆಯ ಮೇಲೆ ಇನ್ನೂ ನಾವೇ ಕೂತಿಲ್ಲ ತಾನೇ?