ಮೂಲದಲ್ಲಿದ್ದಂತೆ

ಇನ್ನೂರು ವರ್ಷದ ಹಿಂದೆ ಪರದೇಶದ ಪ್ರವಾಸಿಯೊಬ್ಬ ಹಾಳುಬಿದ್ದ ರಾಜಧಾನಿಯ ಕಲ್ಲುಬೀದಿಯನ್ನು ಚಿತ್ರಿಸಿದ್ದ. ಅದರ ಅಚ್ಚುಪ್ರತಿಯೊಂದನ್ನು ಪುರಾತತ್ವ ಇಲಾಖೆಯ ಸಾಹೇಬರು ಅಲ್ಲಿನ ಕಲಾವಿದನೊಬ್ಬನ ಕೈಗೆ ಕೊಟ್ಟು, ತಮ್ಮ ಕಚೇರಿಯ ಗೋಡೆಗೆ ದೊಡ್ಡದಾಗಿ ಬರೆದುಕೊಡಲು ಹೇಳಿದರು. ಇಂಥ ನಕಲು ಬರೆಯುವುದೇ ಅವನ ಮನೆತನದ ಕಸುಬು. ಗೆರೆ ಕೂಡಿಸಬಾರದು, ಗೆರೆ ಕಳೆಯಬಾರದು. ಮುಗಿದ ಮೇಲೆ ಹಿಂಬದಿಯಲ್ಲಿ 'ಮೂಲದಲ್ಲಿದ್ದಂತೆ' ಎಂದು ಬರೆದು ಸಹಿ ಹಾಕಬೇಕು. ಅಪ್ಪ ಕಲಿಸಿದ್ದು ಅದು.

ಅವನು ಬರೆದು ತಂದ ನಕಲು ನೋಡಿ ಸಾಹೇಬರು ಮುಖ ಸಿಂಡರಿಸಿದರು.

"ಕಂಬಗಳ ನಡುವೆ ಇದೇನ್ರೀ, ಗುಡಿಸಲು?"

"ಮೂಲದಾಗೂ ಐತ್ರಿ ಸಾಹೇಬ್ರ. ನಮ್ಮ ಮನೀನ ಅದು. ಈಗೂ ನಾವು ಅಲ್ಲೇ ಅದೀವಿ."

"ಬಂದ ಅತಿಥಿಗಳು ವೈಭವ ನೋಡ್ಬೇಕು, ನಿಮ್ಮ ಒಲೆ ಹೊಗೆ ಅಲ್ಲ. ತೆಗೀರಿ."

ನಕಲಿನಲ್ಲಿ ಹೋದರೇನು, ಮನೆ ನಿಂತೇ ಇದೆಯಲ್ಲ ಎಂದುಕೊಂಡ. ಗುಡಿಸಲಿದ್ದ ಜಾಗದಲ್ಲಿ ಬರಿಗಲ್ಲು ಬರೆದ. ಅಭ್ಯಾಸಬಲದಿಂದ ಹಿಂಬದಿಯಲ್ಲಿ ಎಂದಿನ ಮಾತು ಬರೆದು, ಸಹಿ ಹಾಕಿ, ಅಚ್ಚುಪ್ರತಿಯ ಜೊತೆಗೆ ಒಪ್ಪಿಸಿದ.

ಆರು ತಿಂಗಳಿಗೆ ಆ ಬೀದಿಯವರಿಗೆಲ್ಲ ಇಲಾಖೆಯಿಂದ ನೋಟಿಸು ಬಂತು: ಇದು ಒತ್ತುವರಿ, ಖಾಲಿ ಮಾಡಿ. ಅವನು ಕಚೇರಿಗೆ ಓಡಿದ.

"ಇನ್ನೂರು ವರ್ಷದಿಂದ ಅಲ್ಲೇ ಅದೀವ್ರಿ. ಆ ಪರದೇಶದಾಂವ ಬರೆದ ಚಿತ್ರದಾಗ ನೋಡ್ರಿ, ನಮ್ಮ ಮನಿ ಐತಿ."

"ಯಾವ ಚಿತ್ರ? ಇದಾ?"

ಸಾಹೇಬರು ಗೋಡೆಯ ಮೇಲಿನದನ್ನು ಇಳಿಸಿ, ಹಿಂಬದಿ ತಿರುಗಿಸಿ ಅವನ ಮುಂದೆ ಹಿಡಿದರು.

"ಈ ಸಹಿ ನಿಮ್ದೇ ಅಲ್ವೇನ್ರೀ?"