ಹೆಣ ಕೇಳಿದವನು

ಕೊಪಾಯ್ ಊರಿನ ಮುದಿ ದಂಡನಾಯಕ ಕೋಲು ಹಿಡಿದು ಮತ್ತೆ ಕಾಗೆ ಓಡಿಸಲು ಬಂದ. ಅವನು ಕಾಯುತ್ತಿದ್ದದ್ದು ತನ್ನವರ ಹೆಣಗಳನ್ನಲ್ಲ, ಶತ್ರುಗಳ ಹೆಣಗಳನ್ನು. ಎದುರು ದಿಬ್ಬದ ಮೇಲೆ ನಿಂತಿದ್ದ, ನೆರೆಯೂರಾದ ಹಿಯೆಟ್ಟೋಸ್‌ನ ದಂಡನಾಯಕ ಡೆಕ್ಸಿಪ್ಪನಿಗೆ ಇದು ಬಗೆಹರಿಯಲಿಲ್ಲ.

ಗಡಿಯ ಹುಲ್ಲುಗಾವಲಿಗಾಗಿ ನಡೆದ ಕಾಳಗ ಮುಗಿದು ಎರಡು ದಿನವಾಗಿತ್ತು. ಎರಡೂ ಊರಿನವರು ತಾವೇ ಗೆದ್ದೆವೆನ್ನುತ್ತಿದ್ದರು. ಆದರೆ ಡೆಕ್ಸಿಪ್ಪನ ಹನ್ನೊಂದು ಸೈನಿಕರ ಹೆಣಗಳು ಕೊಪಾಯ್‌ನವರು ಹಿಡಿದ ನೆಲದಲ್ಲಿ ಬಿದ್ದಿದ್ದವು. ಅಲ್ಲಿನ ಯುದ್ಧದ ರೂಢಿಯಲ್ಲಿ, ಹೆಣ ಕೊಡಿ ಎಂದು ಬಾಯಿಬಿಟ್ಟರೆ ಸೋಲು ಒಪ್ಪಿಕೊಂಡಂತೆ. ಯಾರೂ ಕೇಳಕೂಡದೆಂದು ಊರಿನಿಂದ ಕಟ್ಟಪ್ಪಣೆ ಬಂದಿತ್ತು.

ಕುತೂಹಲ ತಡೆಯಲಾರದೆ ಡೆಕ್ಸಿಪ್ಪ ಈಟಿ ಗುರಾಣಿ ಬಿಟ್ಟು ಬರಿಗೈಯಲ್ಲಿ ಇಳಿದುಹೋದ.

"ಏನಜ್ಜಾ, ನಮ್ಮೋರನ್ನ ನೀನ್ಯಾಕೆ ಕಾಯ್ತಿದ್ದೀಯ?"

ಮುದುಕ ಬೆವರು ಒರೆಸಿಕೊಂಡ. "ನೀನು ಬರ್ಲಿ ಅಂತ. ಕಾಗೆ ಮುಖ ಕಿತ್ತು ತಿಂದ್ಮೇಲೆ ಯಾರು ಯಾರು ಅಂತ್ಲೇ ಗೊತ್ತಾಗಲ್ಲ. ಆಮೇಲೆ ನೀನ್ಯಾಕೆ ಬರ್ತೀಯ?"

"ಅಂದ್ರೆ ಕರುಣೆ ಅಲ್ಲ, ಗಾಳ."

"ಸರೋವರದ ದಡದೋನು ಕಣಯ್ಯಾ ನಾನು. ಹಾವುಮೀನು ಹಿಡ್ದು ಬೆಳೆದೋನು." ನಗಲು ನೋಡಿದ, ಆಗಲಿಲ್ಲ. "ಆ ತುದೀಲಿರೋನಿಗೆ ಮಾತ್ರ ನನ್ನ ಮೇಲಂಗಿ ಹೊದಿಸಿದ್ದೀನಿ. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಡೆಕ್ಸಿಪ್ಪ ಹೊದಿಕೆ ಸರಿಸಿದ. ಕುಂಬಾರ ಅರ್ಖಿಯಾಸನ ಒಬ್ಬನೇ ಮಗ. ಹೋದ ತಿಂಗಳಷ್ಟೇ ಮದುವೆಯಾಗಿತ್ತು. ಡೆಕ್ಸಿಪ್ಪ ಅವನ ಪಕ್ಕ ಕುಳಿತು ಹೊದಿಕೆಯನ್ನು ಮತ್ತೆ ಎಳೆದ.

"ಕೊಡು," ಎಂದ ಕೊನೆಗೆ.

"ನಂಗೆ ಕೇಳಿಸ್ತಪ್ಪ. ನನ್ನ ಜನಕ್ಕೆ ಕೇಳಿಸ್ಬೇಕಲ್ಲ. ಗಟ್ಟಿಯಾಗಿ ಹೇಳು."

ಡೆಕ್ಸಿಪ್ಪ ಎದ್ದುನಿಂತು ಕೂಗಿ ಕೇಳಿದ. ಆಚೆಯಿಂದ ಕೇಕೆ ಎದ್ದಿತು. ಅವನ ಸೈನಿಕರು ತಲೆ ತಗ್ಗಿಸಿ ಹೆಣ ಹೊರುತ್ತಿದ್ದಾಗ, ಕೊಪಾಯ್‌ನವರು ಅವರ ಕಣ್ಣೆದುರೇ ಮರದ ಬೊಡ್ಡೆಗೆ ಶಿರಸ್ತ್ರಾಣ, ಕವಚ ತೊಡಿಸಿ ವಿಜಯದ ಗುರುತು ನಿಲ್ಲಿಸಿದರು.

ಅದಾಗಿ ಮೂರನೆಯ ದಿನ ಹಿಯೆಟ್ಟೋಸ್‌ನಲ್ಲಿ ಊರಸಭೆ ಸೇರಿತು. "ಗೆದ್ದಿದ್ದನ್ನ ಕೈಯಾರೆ ಕೊಟ್ಟು ಬಂದ್ಯಲ್ಲೋ!" ಎಂದು ಜನ ಹರಿಹಾಯ್ದರು. ಡೆಕ್ಸಿಪ್ಪನ ಗಡೀಪಾರಿಗೆ ಒಪ್ಪುವವರು ಕೈ ಎತ್ತಲಿ ಎಂದಾಗ, ಯಾರು ಮೊದಲು ಎತ್ತಿಯಾರೆಂದು ಅವನು ನೋಡುತ್ತ ನಿಂತ.

ಮೊದಲು ಎದ್ದದ್ದು ಅರ್ಖಿಯಾಸನ ಕೈ. ಮಗನ ಚಿತೆಯ ಬೂದಿ ಅದರ ಉಗುರುಗಳಲ್ಲಿ ಇನ್ನೂ ಉಳಿದಿತ್ತು.